ಅಣೆಕಟ್ಟು ಮೊದಲು, ಸೇತುವೆ ಆಮೇಲೆ



1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ ತೋಟಗಳು ಮುಳುಗಿದವು. ತುಮರಿಯವರಿಗೆ ಸಾಗರದ ನೇರ ದಾರಿಯೂ ಹೋಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚೇ ಗತಿ. ಕತ್ತಲಾದ ಮೇಲೆ ಅದೂ ಇಲ್ಲ. ಅಡಿಕೆ ಮೂಟೆ ಬೆಳಗಿನವರೆಗೆ ಕಾದೀತು, ಹೆರಿಗೆ ನೋವು ಕಾಯುತ್ತದೆಯೇ? ಸುಮಾರು 2.4 ಕಿ.ಮೀ. ಉದ್ದದ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅರವತ್ತೊಂದು ವರ್ಷ! ವಿದ್ಯುತ್ತಿನ ತಂತಿ ಅಷ್ಟು ಕಾಯಲಿಲ್ಲ.

ಯೋಜನೆಯ ಅಂದಾಜಿನಲ್ಲಿ ಸಿಮೆಂಟು, ಯಂತ್ರಗಳ ಬೆಲೆ ಇರುತ್ತದೆ. ದಾರಿ ಕಳೆದುಕೊಂಡವನ ಸಾಗಣೆ ಖರ್ಚು ಇರುವುದಿಲ್ಲ. ಇಂಥ ಹೊರೆ ಸ್ಥಳೀಯರ ಮೇಲೇ ಬೀಳುತ್ತದೆಂದು ವಿಶ್ವ ಅಣೆಕಟ್ಟು ಆಯೋಗವೂ 2000ದಲ್ಲಿ ಹೇಳಿತು. ಆದ್ದರಿಂದ ಯಾವುದೇ ಯೋಜನೆಯ ಅಹವಾಲು ಸಭೆಗೆ ಹೋಗುವಾಗ ತೋಟದಿಂದ ಮಂಡಿಗೆ ಈಗಿನ ದೂರ, ಮುಂದಿನ ದೂರ, ಮೂಟೆಯೊಂದರ ಬಾಡಿಗೆ ಬರೆದೊಯ್ದು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ.