ಹುಟ್ಟುಗುಣವೂ ಕಲಿತ ಗುಣವೂ

“ನಮ್ಮ ವಂಶದಲ್ಲಿ ಯಾರಿಗೂ ಲೆಕ್ಕ ಹತ್ತಿಲ್ಲ, ಈ ಹುಡುಗಿಗೆ ಎಲ್ಲಿಂದ ಬಂದೀತು, ಅಮ್ಮನವರೇ?” ಎಂದು ಕೇಳುವ ಹೆತ್ತವರು ವರ್ಷಕ್ಕೆ ಒಬ್ಬರಾದರೂ ನನ್ನ ಕೋಣೆಗೆ ಬರುವುದುಂಟು. ಈ ಪ್ರಶ್ನೆಗೆ ಜೀವಶಾಸ್ತ್ರವು ಕೊಡುವ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇನೆ.

ಜೀವಿಗಳ ಕೆಲವು ಗುಣಗಳು ತಂದೆತಾಯಿಗಳಿಂದ ಜೀನುಗಳ ಮೂಲಕ ಇಳಿದು ಬರುತ್ತವೆ. ಬಟಾಣಿ ಗಿಡದ ಎತ್ತರ, ಬೀಜದ ಬಣ್ಣ ಮುಂತಾದವು ಒಂದು ಕ್ರಮದಿಂದ ಪೀಳಿಗೆಯಿಂದ ಪೀಳಿಗೆಗೆ ಸಾಗುವುದನ್ನು ಗ್ರೆಗೊರ್ ಮೆಂಡೆಲರು 1866ರಲ್ಲಿ ಪ್ರಕಟಿಸಿದರು. ನಡತೆಯೂ ಕೆಲವೊಮ್ಮೆ ಹೀಗೆಯೇ ಬರುವುದು. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ನಾವೆಲ್ಲರೂ ಬಲ್ಲೆವು. ಕಾಗೆಯ ತುತ್ತನ್ನುಂಡು ಬೆಳೆದ ಆ ಮರಿಯು ದೊಡ್ಡದಾದ ಮೇಲೆ ಕೋಗಿಲೆಯ ಸ್ವರವನ್ನೇ ತೆಗೆಯುವುದು.

ಆದರೆ ಎಲ್ಲ ಹಕ್ಕಿಗಳ ಹಾಡೂ ಹೀಗಲ್ಲ. ಯುರೋಪಿನಲ್ಲಿ ಚಾಫಿಂಚ್ ಎಂಬ ಗುಬ್ಬಿಯಷ್ಟು ದೊಡ್ಡ ಹಕ್ಕಿಯುಂಟು. 1950ರ ದಶಕದಲ್ಲಿ ಕೇಂಬ್ರಿಜ್ಜಿನ ಡಬ್ಲ್ಯು. ಎಚ್. ಥಾರ್ಪರು ಇದರ ಮರಿಗಳನ್ನು, ಹಿರಿಯ ಹಕ್ಕಿಗಳ ಹಾಡು ಕಿವಿಗೆ ಬೀಳದಂತೆ ಸಾಕಿದರು. ಅವು ಹಾಡದೆ ಇರಲಿಲ್ಲ. ಆದರೆ ಹಾಡು ಅರೆಬರೆಯಾಗಿತ್ತು. ಎಳವೆಯಲ್ಲಿ ಹಿರಿಯರ ಹಾಡನ್ನು ಕೇಳಿದ ಮರಿಗಳು ಪೂರ್ಣವಾಗಿ ಹಾಡಿದವು. ಶಕ್ತಿಯು ಹುಟ್ಟಿನಿಂದ ಬಂತು. ಹಾಡು ಕಿವಿಯಿಂದ ಬಂತು. ಹೀಗೆ ಕಲಿಯುವ ಕಾಲವೂ ಸುಮಾರು ಮೊದಲ ವರ್ಷದೊಂದಿಗೆ ಮುಗಿಯುವುದೆಂದು ತಿಳಿದುಬಂತು.

ನಮ್ಮಲ್ಲಿಯೂ ಹಾಗೆಯೇ. ಶಿಶುವಿಗೆ ಮೊಲೆಯುಣ್ಣಲು ಯಾರೂ ಕಲಿಸಬೇಕಾಗಿಲ್ಲ. ಮಾತಾಡುವ ಶಕ್ತಿಯು ಹುಟ್ಟಿನದು. ಆದರೆ ಆಡುವ ಮಾತು ಕನ್ನಡವೋ ತುಳುವೋ ಕೊಂಕಣಿಯೋ ಎಂಬುದು ಸುತ್ತಲಿನವರ ಬಾಯಿಯಿಂದ ಬಂದದ್ದು. ಅಕ್ಷರವಂತೂ ಯಾರ ರಕ್ತದಲ್ಲಿಯೂ ಇಳಿಯದು. ಪಂಡಿತನ ಮಗುವೂ ಅಕಾರದಿಂದಲೇ ಆರಂಭಿಸತಕ್ಕದ್ದು. ಲೆಕ್ಕದ ಚುರುಕಿನಲ್ಲಿ ವಂಶದ ಪಾಲೂ ಉಂಟು. ಆದರೆ ಸರಿಯಾಗಿ ಕಲಿಸದೆ ಆ ಪಾಲು ಎಷ್ಟೆಂದು ಹೇಳಲಾಗದು.

ಇದನ್ನು ನಾನು ತಡವಾಗಿ ಅರಿತೆನು. ಉಪಾಧ್ಯಾಯಿನಿಯಾದ ಮೊದಲ ವರ್ಷದಲ್ಲಿ ಒಬ್ಬ ಹುಡುಗಿಯ ತಂದೆಯೊಡನೆ, “ಇವಳಿಗೆ ಲೆಕ್ಕ ಹುಟ್ಟಿನಿಂದಲೇ ಬಾರದು” ಎಂದುಬಿಟ್ಟೆನು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಅವಳಿಗೆ ಯಾರಾದರೂ ಮಗ್ಗಿಯನ್ನು ಸರಿಯಾಗಿ ಕಲಿಸಿದ್ದರೋ ಎಂದು ನಾನು ವಿಚಾರಿಸಿಯೇ ಇರಲಿಲ್ಲ.

ಆದುದರಿಂದ, ಹೆತ್ತವರೇ, ಈಗ ತಾಯಂದಿರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯರೇ, ಮಗುವಿಗೆ “ಬಾರದು” ಎನ್ನುವ ಮೊದಲು “ನಾವು ಕಲಿಸಿದೆವೋ?” ಎಂದು ನಮ್ಮನ್ನೇ ಕೇಳಿಕೊಳ್ಳೋಣ.