ಮಾರಾಟವಾಗದ ಜಾಗದ ಲೆಕ್ಕ

ಸಂತೆಯಲ್ಲಿ ಉಳಿದ ತರಕಾರಿಯನ್ನು ವ್ಯಾಪಾರಿಯು ಸಂಜೆಯ ವೇಳೆಗೆ ಅಗ್ಗದ ದರಕ್ಕಾದರೂ ಮಾರಿಬಿಡುತ್ತಾನಷ್ಟೆ. ಅಂತರಜಾಲದ ಪುಟದಲ್ಲಿ ಜಾಹೀರಾತಿಗೆಂದು ಬಿಟ್ಟ ಜಾಗಕ್ಕೆ ಸಂಜೆಯವರೆಗೆ ಕಾಯುವ ಅವಕಾಶವೂ ಇಲ್ಲ. ಓದುಗನು ಪುಟವನ್ನು ತೆರೆದ ಕ್ಷಣದಲ್ಲಿಯೇ ಅದು ತುಂಬಬೇಕು. ಇಲ್ಲದಿದ್ದರೆ ವ್ಯರ್ಥವಾಯಿತೆಂದೇ ಲೆಕ್ಕ. ಕೊಂಡವರಿಲ್ಲದಾಗ ಹಾಕಲೆಂದು ಪುಟದ ಒಡೆಯರು ಕೆಲವು ಬದಲಿ ಜಾಹೀರಾತುಗಳನ್ನು ಸಿದ್ಧವಾಗಿಟ್ಟಿರುತ್ತಾರೆ. ಇಂಥ ಅನೇಕವನ್ನು ತೋರಿಸಿದ ಮಾತ್ರಕ್ಕೆ ಹಣವಿಲ್ಲ; ಯಾರಾದರೂ ಒತ್ತಿದರೆ ಉಂಟು. ಹಾಗಾದರೆ ಯಾವುದಕ್ಕೆ ಎಷ್ಟು ಜಾಗ ಕೊಡಬೇಕು?

ಈ ಪ್ರಶ್ನೆ ನನಗೆ ಎದುರಾದದ್ದು ತರಗತಿಯಲ್ಲಲ್ಲ, ಮನೆಯಲ್ಲಿ. ನಮ್ಮ ಚಿಕ್ಕಪ್ಪನವರು ಊರಿನ ಸುದ್ದಿಯ ಪುಟವೊಂದನ್ನು ನಡೆಸುತ್ತಾರೆ. ಅವರ ಬಳಿ ಎರಡು ಬದಲಿ ಜಾಹೀರಾತುಗಳಿದ್ದವು. ಒಂದು ಪುಸ್ತಕದ್ದು, ಇನ್ನೊಂದು ಹೂಗಿಡದ ಸಸಿಗಳದ್ದು. ಒಂದೊಂದನ್ನೂ ನೂರು ಸಲ ತೋರಿಸಿದಾಗ ಪುಸ್ತಕದ್ದನ್ನು ಇಬ್ಬರು ಒತ್ತಿದ್ದರು, ಸಸಿಯದನ್ನು ಒಬ್ಬರೂ ಇಲ್ಲ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯೆಂಬ ಜಂಬದಿಂದ ನಾನು, “ಸಸಿಯದನ್ನು ತೆಗೆದುಬಿಡಿ ಚಿಕ್ಕಪ್ಪ” ಎಂದೆ. ಅವರು ತೆಗೆದೇಬಿಟ್ಟರು.

ರಾತ್ರಿ ಅನುಮಾನ ಹುಟ್ಟಿತು. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಗೆಲುವಿನ ಸಂಭವವನ್ನು ಸೂತ್ರದಿಂದ ಹುಡುಕಿ ದಣಿಯುವ ಬದಲು ನೂರು ಸಲ ಆಡಿ ಎಣಿಸಿದರಾಗದೆ ಎಂದು ಅವರಿಗೆ ಹೊಳೆಯಿತು. ಮಾಂಟೆ ಕಾರ್ಲೊ ವಿಧಾನದ ಮೂಲ ಇದು. ನಾನೂ ಗಣಕಯಂತ್ರದಲ್ಲಿ ಅಂಥದೇ ಅಣಕು ಪ್ರಯೋಗ ಹೂಡಿದೆ. ಎರಡು ಕಲ್ಪಿತ ಜಾಹೀರಾತುಗಳು; ಮೊದಲನೆಯದನ್ನು ನೂರಕ್ಕೆ ಸರಾಸರಿ ಇಬ್ಬರು ಒತ್ತುತ್ತಾರೆ, ಎರಡನೆಯದನ್ನು ಒಬ್ಬರು. ಒಂದೊಂದನ್ನೂ ನೂರು ಸಲ ತೋರಿಸುವುದು ಒಂದು ಆಟವೆನ್ನೋಣ. ಇಂಥ ಸಾವಿರಾರು ಆಟಗಳನ್ನು ಆಡಿಸಿ ನೋಡಿದರೆ, ನೂರಕ್ಕೆ ಸುಮಾರು 18 ಆಟಗಳಲ್ಲಿ ಕಳಪೆಯದೇ ಮುಂದಿತ್ತು! 21ರಲ್ಲಿ ಎರಡೂ ಸಮ. ತೋರಿಕೆಯನ್ನು ಸಾವಿರಕ್ಕೆ ಏರಿಸಿದರೆ ಕಳಪೆಯದು ಮುಂದಾಗುವುದು ನೂರಕ್ಕೆ ಮೂರಕ್ಕೂ ಕಡಿಮೆ. ಆದರೆ ಅಷ್ಟು ತಿಳಿಯುವುದರೊಳಗೆ ಅರ್ಧ ಜಾಗ ಕಳಪೆಯದರ ಪಾಲಾಗಿರುತ್ತದೆ.

ಇದಕ್ಕೆ ದಾರಿ ತೋರಿಸಿದವರು ವಿಲಿಯಂ ಥಾಂಪ್ಸನ್, 1933ರಷ್ಟು ಹಿಂದೆಯೇ. ಅವರ ಮನಸ್ಸಿನಲ್ಲಿದ್ದುದು ಜಾಹೀರಾತಲ್ಲ, ರೋಗಿಗಳು. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ತಿಳಿಯದಿರುವಾಗ ರೋಗಿಗಳನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆ. (ಜಾಹೀರಾತಿನ ಲೆಕ್ಕಕ್ಕಿಂತ ಅದು ಗಂಭೀರವಾದದ್ದೆಂದು ಬೇರೆ ಹೇಳಬೇಕಾಗಿಲ್ಲ.) ನೂರರಲ್ಲಿ ಒಬ್ಬರೂ ಒತ್ತಲಿಲ್ಲವೆಂದರೆ ನಿಜವಾದ ದರ ಸೊನ್ನೆಯೆಂದಲ್ಲ, ಶೇಕಡಾ 3ರವರೆಗೂ ಇರಬಹುದು. ಹೀಗೆ ಇರಬಹುದಾದ ದರಗಳನ್ನೆಲ್ಲ, ಹೆಚ್ಚು ಸಂಭವವುಳ್ಳದ್ದಕ್ಕೆ ಹೆಚ್ಚು ಚೀಟಿಯಂತೆ, ಜಾಹೀರಾತಿಗೊಂದು ಗಡಿಗೆಯಲ್ಲಿ ಹಾಕಿ, ಒಂದೊಂದರಿಂದಲೂ ಒಂದು ಚೀಟಿ ಎತ್ತಬೇಕು. ಯಾವುದರ ಚೀಟಿ ದೊಡ್ಡದೋ ಆ ಸಲದ ಜಾಗ ಅದಕ್ಕೆ. ಒತ್ತಿದವರ ಲೆಕ್ಕ ಬಂದಂತೆ ಚೀಟಿಗಳನ್ನು ಬದಲಾಯಿಸುತ್ತ ಹೋಗಬೇಕು. ಒಂದು ಒತ್ತಿಗೆ ಸಿಗುವ ಹಣ ಬೇರೆಬೇರೆಯಾಗಿದ್ದರೆ ದರವನ್ನು ಅದರಿಂದ ಗುಣಿಸಿಕೊಂಡರಾಯಿತು. 2011ರಲ್ಲಿ ಯಾಹೂ ಸಂಸ್ಥೆಯ ಸಂಶೋಧಕರಾದ ಶಾಪೆಲ್ ಮತ್ತು ಲಿ ಎಂಬುವರು ಅಂತರಜಾಲದ ಜಾಹೀರಾತುಗಳಿಗೆ ಈ ವಿಧಾನವನ್ನು ಅಣಕು ಪ್ರಯೋಗದಿಂದ ಪರೀಕ್ಷಿಸಿ, ಒಳ್ಳೆಯ ಫಲ ಕಂಡುದಾಗಿ ಪ್ರಕಟಿಸಿದರು.

ಚಿಕ್ಕಪ್ಪನವರ ಅಂಕಿಗಳನ್ನು ಹಾಕಿ ಹತ್ತು ಸಾವಿರ ಸಲ ಚೀಟಿ ಎತ್ತಿಸಿದೆ. ಸುಮಾರು ಎಂಟರಲ್ಲಿ ಒಂದು ಸಲ ಸಸಿಯೇ ಗೆದ್ದಿತು. ಬೆಳಗ್ಗೆ ಎದ್ದವನೇ ಹೋಗಿ, ಎಂಟರಲ್ಲೊಂದು ಪಾಲನ್ನು ಸಸಿಗೆ ಕೊಡಬೇಕೆಂದು ತಪ್ಪೊಪ್ಪಿಕೊಂಡೆ. “ನಿನ್ನೆಯ ಲೆಕ್ಕವೂ ನಿನ್ನದೇ ಅಲ್ಲವೇನಯ್ಯ?” ಎಂದು ನಕ್ಕರಾದರೂ, ಹಾಗೆಯೇ ಮಾಡಿದರು. ಮೂರನೆಯ ದಿನ ಯಾರೋ ಒಬ್ಬರು ಸಸಿಯದನ್ನು ಒತ್ತಿದರು. ಪಾಲನ್ನು ಮತ್ತೆ ಲೆಕ್ಕ ಹಾಕಲು ಕುಳಿತೆ.