ಜೀವಕೋಶದ ಬೆಳವಣಿಗೆಯೂ ಅರ್ಬುದ ರೋಗವೂ

ಕಳೆದ ವರ್ಷ ಹತ್ತನೆಯ ತರಗತಿಯ ವಿಜ್ಞಾನ ಪಾಠವು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಅವಳ ತಾಯಿಗೆ ಸ್ತನದ ಅರ್ಬುದವಾಗಿ ಚಿಕಿತ್ಸೆ ನಡೆಯುತ್ತಿದ್ದುದು ನಮಗೆ ತಿಳಿದಿತ್ತು. “ಮಾಷ್ಟ್ರೇ, ಕ್ಯಾನ್ಸರ್ ವಂಶವಾಹಿ ಕೆಟ್ಟು ಬರುವ ರೋಗ ಅಂತ ಪಾಠದಲ್ಲಿ ಹೇಳಿದರು. ಹಾಗಾದರೆ ನನಗೂ ಬಂದೇ ಬರುತ್ತದಲ್ಲವೆ?” ಎಂದು ಕೇಳಿದಳು. ಅಂದು ನಾವು ಕೊಟ್ಟ ಉತ್ತರವು ಅವಸರದ್ದಾಗಿತ್ತು; ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ತೊಡಕಿನ ಒಂದು ಪಾಲು ನಮ್ಮ ಪರಿಭಾಷೆಯಲ್ಲಿಯೇ ಇದೆ. ‘ವಂಶವಾಹಿ’ ಎಂದೊಡನೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ವಸ್ತುವೆಂಬ ಅರ್ಥವೇ ಮನಸ್ಸಿಗೆ ಬರುತ್ತದೆ. ಅದು ನಿಜವೇ. ಆದರೆ ವಂಶವಾಹಿಗೆ ಪ್ರತಿದಿನದ ಇನ್ನೊಂದು ದುಡಿಮೆಯೂ ಉಂಟು. ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಕೋಶಕೇಂದ್ರವುಳ್ಳ ಪ್ರತಿಯೊಂದು ಕೋಶದಲ್ಲಿಯೂ ಸುಮಾರು 20,000 ವಂಶವಾಹಿಗಳು ಇದ್ದು, ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಆದೇಶ ಅವುಗಳಲ್ಲಿ ಬರೆದಿದೆ. ಕೋಶವು ಎರಡಾಗಬೇಕೆ, ಸುಮ್ಮನಿರಬೇಕೆ, ಸಾಯಬೇಕೆ ಎಂಬುದೂ ಈ ಆದೇಶಗಳಿಂದಲೇ ನಿರ್ಧಾರವಾಗುವುದು.

ಕೈಗೆ ಗಾಯವಾದರೆ ಸುತ್ತಲಿನ ಕೋಶಗಳು ವಿಭಜನೆಗೊಂಡು ಗಾಯವನ್ನು ಮುಚ್ಚುತ್ತವೆ. ಮುಚ್ಚಿದ ಮೇಲೆ ನಿಲ್ಲುತ್ತವೆ. ಬೆಳೆಯುವುದಕ್ಕಿಂತಲೂ ಈ ನಿಲ್ಲುವಿಕೆಯೇ ಹೆಚ್ಚು ಸೋಜಿಗದ್ದು. ಎತ್ತನ್ನು ಮುಂದಕ್ಕೆ ನಡೆಸಲು ಬಾರುಕೋಲು, ತಡೆಯಲು ಮೂಗುದಾರ ಇರುವಂತೆ, ಕೋಶದಲ್ಲಿಯೂ ವಿಭಜನೆಯನ್ನು ಪ್ರೇರಿಸುವ ವಂಶವಾಹಿಗಳು ಕೆಲವು, ತಡೆಯುವವು ಕೆಲವು.

ಪ್ರೇರಕಗಳ ಗುಟ್ಟು ತಿಳಿದುದು ಒಂದು ಕೋಳಿಯಿಂದ. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಪೇಟನ್ ರೌಸ್ ಎಂಬವರ ಬಳಿಗೆ ಎದೆಯಲ್ಲಿ ಗಡ್ಡೆಯಿದ್ದ ಕೋಳಿಯೊಂದನ್ನು ತಂದರು. ಅವರು ಗಡ್ಡೆಯನ್ನು ಅರೆದು, ಒಂದು ಕೋಶವೂ ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗಡ್ಡೆ ಎದ್ದಿತು. 1911ರಲ್ಲಿ ಇದನ್ನು ಪ್ರಕಟಿಸಿದಾಗ ಹೆಚ್ಚಿನವರು ಗಮನಿಸಲಿಲ್ಲ. ರಸದಲ್ಲಿದ್ದುದು ಒಂದು ವೈರಸ್. ಅದರೊಳಗೆ ಕೋಶವನ್ನು ಬೆಳೆಸುವ ಒಂದು ವಂಶವಾಹಿ. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಎಂಬವರೂ ಅವರ ಸಂಗಡಿಗರೂ, ಆ ವಂಶವಾಹಿಯ ಮೂಲವು ಆರೋಗ್ಯವಂತ ಕೋಳಿಯ ಕೋಶದಲ್ಲಿಯೇ ಇದೆಯೆಂದು ತೋರಿಸಿದರು. ವೈರಸ್ಸು ಅದನ್ನು ಎಂದೋ ಕೋಳಿಯಿಂದಲೇ ಕದ್ದಿತ್ತು! ಅಂದರೆ ಅರ್ಬುದವು ಹೊರಗಿನಿಂದ ಬಂದ ಪರಕೀಯ ವಸ್ತುವಲ್ಲ. ನಮ್ಮದೇ ಕೋಶವು ನಮ್ಮದೇ ಆದೇಶವನ್ನು ತಪ್ಪಾಗಿ ಓದುವುದು. (ಕೋಳಿಯ ಈ ಕಥೆಯಿಂದ ಯಾರೂ ಭಯಪಡಬೇಕಾಗಿಲ್ಲ. ಅರ್ಬುದವಾದವರನ್ನು ಮುಟ್ಟಿದರೆ, ಅವರೊಡನೆ ಕುಳಿತು ಉಂಡರೆ ರೋಗ ಹರಡುವುದಿಲ್ಲ. ರೋಗಿಯ ಲೋಟವನ್ನು ಬೇರೆಯಿಡುವ ಮನೆಗಳನ್ನು ನಾವು ಕಂಡಿರುವುದರಿಂದ ಇದನ್ನು ಹೇಳಬೇಕಾಯಿತು.)

ತಡೆಯುವ ವಂಶವಾಹಿಗಳಲ್ಲಿ ಪಿ-53 ಎಂಬುದು ಪ್ರಸಿದ್ಧವಾದುದು. ಮಾನವರ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ. ಒಂದೇ ತಪ್ಪಿನಿಂದ ಸಾಮಾನ್ಯವಾಗಿ ರೋಗವಾಗದು; ಒಂದೇ ಕೋಶದ ಸಂತತಿಯಲ್ಲಿ ಹಲವು ತಪ್ಪುಗಳು ವರ್ಷಗಳ ಕಾಲ ಕೂಡಿಕೊಳ್ಳಬೇಕು. ವಯಸ್ಸಾದವರಲ್ಲಿ ಈ ರೋಗ ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ. ಹೊಗೆಸೊಪ್ಪಾಗಲಿ ಬಿಸಿಲಿನ ಅತಿನೇರಳೆ ಕಿರಣವಾಗಲಿ ಮಾಡುವುದು ಈ ತಪ್ಪುಗಳನ್ನು ಹೆಚ್ಚಿಸುವ ಕೆಲಸವನ್ನೇ.

ಇನ್ನು ಹಾರ್ಮೋನುಗಳು. ಕೋಶವು ತನ್ನಷ್ಟಕ್ಕೆ ಆದೇಶದ ಪುಟವನ್ನು ತೆರೆಯುವುದಿಲ್ಲ. ದೂರದ ಗ್ರಂಥಿಗಳು ರಕ್ತದಲ್ಲಿ ಕಳುಹಿಸುವ ಓಲೆಗಳೂ ಬೇಕು. ‘ಹಾರ್ಮೋನು’ ಎಂಬ ಹೆಸರು ಹುಟ್ಟಿದ್ದು 1905ರಲ್ಲಿ. ಅದಕ್ಕೂ ಮೊದಲೇ, 1895ರಲ್ಲಿ, ಗ್ಲಾಸ್ಗೋ ನಗರದ ವೈದ್ಯ ಜಾರ್ಜ್ ಬೀಟ್ಸನ್ ಅವರು ಸ್ತನದ ಅರ್ಬುದವು ಮರುಕಳಿಸಿದ್ದ ತರುಣಿಯೊಬ್ಬಳ ಅಂಡಾಶಯಗಳನ್ನು ತೆಗೆದರು. ಹಸುವಿನ ಅಂಡಾಶಯವನ್ನು ತೆಗೆದರೆ ಅದು ಬಹುಕಾಲ ಹಾಲು ಕೊಡುತ್ತದೆಂಬುದನ್ನು ಅವರು ಅರಿತಿದ್ದರು. ಅಂಡಾಶಯಕ್ಕೂ ಕೆಚ್ಚಲಿಗೂ ಏನೋ ಸಂಬಂಧವಿರಬೇಕೆಂದು ಊಹಿಸಿದ್ದರು. ತರುಣಿಯ ಗಡ್ಡೆ ಕರಗಿತು. ಅವಳು ಪೂರ್ತಿಯಾಗಿ ಗುಣಹೊಂದಲಿಲ್ಲ. ಆದರೆ ಕೆಲವು ವರ್ಷಗಳ ಆಯುಸ್ಸು ದೊರೆಯಿತು. ಕೊಟ್ಟಿಗೆಯ ತಿಳಿವಳಿಕೆಯು ಶಸ್ತ್ರಚಿಕಿತ್ಸೆಯವರೆಗೆ ಬಂದ ಈ ಪ್ರಸಂಗವು ನಮಗೆ ಬಹಳ ಪ್ರಿಯವಾದುದು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಅವರು ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವೂ ಹಾಗೆಯೇ ವೃಷಣದ ಹಾರ್ಮೋನನ್ನು ಅವಲಂಬಿಸಿದೆಯೆಂದು ತೋರಿಸಿದರು. 1966ರ ನೊಬೆಲ್ ಬಹುಮಾನವು ಹಗಿನ್ಸ್ ಅವರಿಗೂ 87 ವಯಸ್ಸಿನ ರೌಸ್ ಅವರಿಗೂ ಜೊತೆಯಾಗಿ ಸಂದಿತು.

ಓಲೆಯನ್ನು ಓದುವವರು ಯಾರು? ಅಂಡಾಶಯದ ಈಸ್ಟ್ರೊಜೆನ್ ಹಾರ್ಮೋನು ಕೋಶದೊಳಕ್ಕೆ ಹೋಗಿ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿಯು ಕೋಶಕೇಂದ್ರದಲ್ಲಿ ವಿಭಜನೆಗೆ ಬೇಕಾದ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಹಾರ್ಮೋನೂ ವಂಶವಾಹಿಯೂ ಸಂಧಿಸುವುದು ಇಲ್ಲಿಯೇ. ವಿಭಜನೆ ಹೆಚ್ಚಿದಷ್ಟೂ ನಕಲು ತೆಗೆಯುವಾಗ ತಪ್ಪಾಗುವ ಅವಕಾಶವೂ ಹೆಚ್ಚು. ಆಗಲೇ ತಪ್ಪಿದ ಕೋಶವಿದ್ದರೆ ಅದಕ್ಕೆ ಇನ್ನಷ್ಟು ಪ್ರೇರಣೆ. ಟಮಾಕ್ಸಿಫೆನ್ ಎಂಬ ಔಷಧವು ಸ್ತನದಲ್ಲಿ ಆ ಗ್ರಾಹಕದ ಪೀಠವನ್ನು ತಾನೇ ಆಕ್ರಮಿಸಿ ಈಸ್ಟ್ರೊಜೆನ್ನಿಗೆ ಎಡೆಗೊಡದು. 1960ರ ದಶಕದಲ್ಲಿ ಗರ್ಭನಿರೋಧಕ್ಕೆಂದು ಪರೀಕ್ಷಿಸಿದಾಗ ಅದು ಕೆಲಸಕ್ಕೆ ಬಾರಲಿಲ್ಲ. 1970ರ ದಶಕದಲ್ಲಿ ಅರ್ಬುದದ ಔಷಧವಾಯಿತು. ಗ್ರಾಹಕವಿಲ್ಲದ ಅರ್ಬುದದ ಮೇಲೆ ಅದು ನಡೆಯದು. ಆದುದರಿಂದಲೇ ಗಡ್ಡೆಯನ್ನು ಮೊದಲು ಪರೀಕ್ಷಿಸುವರು.

ಈಗ ಆ ಬಾಲಿಕೆಯ ಪ್ರಶ್ನೆ. ಹೆಚ್ಚಿನ ಅರ್ಬುದಗಳಲ್ಲಿ ವಂಶವಾಹಿಯು ಕೆಡುವುದು ಜನಿಸಿದ ಮೇಲೆ, ದೇಹದ ಯಾವುದೋ ಒಂದು ಮೂಲೆಯ ಕೋಶದಲ್ಲಿ. ಸ್ತನದ ಕೋಶದಲ್ಲಿ ಆದ ತಪ್ಪು ಮಗಳಿಗೆ ಹೋಗಲು ದಾರಿಯೇ ಇಲ್ಲ. ನೂರರಲ್ಲಿ ಐದರಿಂದ ಹತ್ತು ಅರ್ಬುದಗಳು ಮಾತ್ರ ಹುಟ್ಟಿನಿಂದ ಬಂದ ದೋಷಕ್ಕೆ ಸಂಬಂಧಿಸಿದವು. 1994ರಲ್ಲಿ ಗುರುತಿಸಿದ ಬಿ.ಆರ್.ಸಿ.ಎ.-1 ಅಂಥದೊಂದು. ತಾಯಿಯಲ್ಲಾಗಲಿ ತಂದೆಯಲ್ಲಾಗಲಿ ಆ ದೋಷವಿದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಬಂದರೂ ಅದು ಅಪಾಯವನ್ನು ಹೆಚ್ಚಿಸುವುದೇ ಹೊರತು ರೋಗವನ್ನು ನಿಶ್ಚಯಿಸುವುದಿಲ್ಲ. ಒಂದೇ ಕುಟುಂಬದಲ್ಲಿ ಹಲವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ, ಈ ರೋಗ ಬಂದಿದ್ದರೆ ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು.

ಇಷ್ಟನ್ನು ಬರೆದು ಅವಳಿಗೆ ಓದಲು ಕೊಟ್ಟೆವು. ಮರುದಿನ ಅವಳು ತಾಯಿಯ ಪರೀಕ್ಷೆಯ ಕಾಗದವನ್ನು ತಂದು, ‘ಇ.ಆರ್. ಪಾಸಿಟಿವ್’ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ಇದೇ ಗ್ರಾಹಕವೋ ಮಾಷ್ಟ್ರೇ?” ಎಂದಳು. ಹೌದೆಂದೆವು. “ಹಾಗಾದರೆ ಅಮ್ಮ ರಾತ್ರಿ ತೆಗೆದುಕೊಳ್ಳುವ ಮಾತ್ರೆ ಇದಕ್ಕೇ” ಎಂದು ಕಾಗದವನ್ನು ಮಡಿಸಿ ಪುಸ್ತಕದೊಳಗಿಟ್ಟುಕೊಂಡು ತರಗತಿಗೆ ಹೋದಳು.